ತೊಳೆದಾಯ್ತು

ಹಸಿರು ಬಿಡುತ್ತಿದೆ, ಗೋಡೆಯ ಮೈಯಿಂದ ಸಿಪ್ಪೆ ಸುಲಿದ ಹಾಗೆ ಬಿಟ್ಟು, ಅಂಗಳದ ಇಳಿಜಾರಿನಲ್ಲಿ ಹರಿದು, ಚರಂಡಿಯ ಜಾಲರಿಯ ಬಾಯಲ್ಲಿ ಒಂದು ಗಳಿಗೆ ಸುತ್ತಿ, ಸೊಪ್ಪು ಬೇಯಿಸಿದ ನೀರಿನ ಬಣ್ಣದಲ್ಲಿ ಕೆಳಗಿಳಿಯುತ್ತಿದೆ, ಅದು ಹೋದ ಜಾಗದಲ್ಲಿ ಸಿಮೆಂಟು ಹೊಸದಾಗಿ ಕಾಣುತ್ತದೆ, ಹೊಸದಲ್ಲ, ಬೆತ್ತಲೆ, ಆಗಷ್ಟೇ ಬೋಳಿಸಿದ ಗಲ್ಲದ ಹಾಗೆ, ಒಂದು ಅಡಿ ಅಗಲದ ಬಿಳಿ ಪಟ್ಟಿ, ಪಕ್ಕದಲ್ಲಿ ಇನ್ನೊಂದು, ಅಂಚಿನ ಮೇಲೆ ಅಂಚು ಕೂರಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಹುಲಿಪಟ್ಟೆ ಕಾಣುತ್ತದೆ, ಕೈ ತಾನಾಗಿಯೇ ಮಾಡುತ್ತದೆ, ಹದಿನಾಲ್ಕು ವರ್ಷ ಇದನ್ನೇ ಮಾಡಿದ ಕೈ, ಗೋಡೆಯಿಂದ ಒಂದು ಮೊಳ ದೂರ, ಹತ್ತಿರ ಹಿಡಿದರೆ ಸಿಮೆಂಟೇ ಕಿತ್ತು ಬರುತ್ತದೆ, ದೂರ ಹಿಡಿದರೆ ಸುಮ್ಮನೆ ನೆನೆಯುತ್ತದೆ ಅಷ್ಟೇ, ಪಾಚಿ ನಗುತ್ತಾ ಕೂತಿರುತ್ತದೆ. ನೀರನ್ನು ರಭಸದಿಂದ ಚಿಮ್ಮುವ ಮಷೀನು ಒಂದೇ ಸಮನೆ ಕೂಗುತ್ತಿದೆ, ಕಿವಿಗೆ ಹತ್ತಿ ತುರುಕಿಕೊಂಡಿದ್ದರೂ ಹಲ್ಲಿನ ಬೇರಿನಲ್ಲಿ ಕೂಗುತ್ತಿದೆ, ಈ ಸದ್ದು ಒಂದು ರೀತಿಯಲ್ಲಿ ಒಳ್ಳೆಯದೇ, ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸಿದರೂ ಕೇಳಿಸಲಿಲ್ಲ ಅನ್ನಬಹುದು — ಎಷ್ಟೋ ಸಲ ಹಾಗೆ ಅಂದಿದ್ದೇನೆ. ವಕೀಲರ ಮನೆ, ಬೇಕರಿಯವನ ಮನೆ, ಹಲ್ಲಿನ ಡಾಕ್ಟರ ಮನೆ, ಯಾರ ಅಂಗಳದಲ್ಲಿ ಎಲ್ಲಿ ಎಣ್ಣೆ ಕಲೆ, ಯಾರ ತಾರಸಿಯಲ್ಲಿ ಯಾವ ಮೂಲೆಗೆ ನೀರು ನಿಲ್ಲುತ್ತದೆ, ಕಣ್ಣು ಮುಚ್ಚಿ ಹೇಳಬಲ್ಲೆ, ನನ್ನ ಮನೆಯ ಅಂಗಳಕ್ಕೆ, ಗೋಡೆಗೆ ಮಾತ್ರ ಇವತ್ತೇ ಮೊದಲು, ಊರಿಗೆ ಉಪಕಾರಿ ಮನೆಗೆ ಮಾರಿ, ಇದನ್ನು ನನ್ನ ಹೆಂಡತಿಯೇ ಹೇಳುತ್ತಿದ್ದಳು, ನಗುತ್ತಾ ಹೇಳುತ್ತಿದ್ದಳು, ಅವಳು ನಗುತ್ತಾ ಹೇಳಿದ್ದನ್ನು ನಾನೂ ನಗುತ್ತಲೇ ಕೇಳಿಸಿಕೊಂಡೆ. ಬೆಳಿಗ್ಗೆ ಮಷೀನನ್ನು ಗಾಡಿಯಿಂದ ಇಳಿಸುವಾಗ ಕೋಣೆಯ ಕಿಟಕಿಯ ಹತ್ತಿರ ಕುರ್ಚಿ ಎಳೆದ ಸದ್ದಾಯಿತು, ಯಾಕ್ರೀ, ಇವತ್ತು ಕೆಲಸಕ್ಕೆ ಹೋಗಲ್ವಾ ಅಂದಳು ನನ್ನ ಹೆಂಡತಿ, ಇಲ್ಲ, ಮನೇದು ಮಾಡ್ತೀನಿ ಅಂದೆ, ಅವಳು ಪರದೆಯನ್ನು ಅರ್ಧ ಎಳೆದಳು, ನೀರು ಸಿಡಿಯದಿರಲಿ ಅಂತ ಇರಬಹುದು, ಇಲ್ಲದೆಯೂ ಇರಬಹುದು. ಹತ್ತು ವಾರದಿಂದ ಅವಳು ಆ ಕಿಟಕಿಯ ಪಕ್ಕದಲ್ಲೇ ಇದ್ದಾಳೆ, ಬಲಗಾಲಿನ ಗಿಣ್ಣು ಎರಡು ಕಡೆ ಮುರಿದು, ಒಳಗೆ ಒಂದು ಲೋಹದ ಪಟ್ಟಿ, ಏಳು ಸ್ಕ್ರೂ, ಬಲಗಾಲು, ಬ್ರೇಕು ತುಳಿಯುವ ಕಾಲು. ಹತ್ತೂವರೆಗೆ ಅವಳಣ್ಣ ಕಾರು ತರುತ್ತಾರೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಡಾಕ್ಟರು ಕಡೆಯ ಕಾಗದ ಬರೆದುಕೊಡುತ್ತಾರೆ, ಆ ಕಾಗದ ಸ್ಕೂಲಿಗೆ ಹೋಗುತ್ತದೆ, ಅಲ್ಲಿಗೆ ಅವಳ ವ್ಯಾನಿನ ಕಥೆ ಮುಗಿಯಿತು.

ವ್ಯಾನು ಅವಳದು, ಅಂದರೆ ಸ್ಕೂಲಿನದು, ಆದರೆ ಹತ್ತೊಂಬತ್ತು ವರ್ಷ ಓಡಿಸಿದ ಮೇಲೆ ಯಾರದು ಅಂತ ಕೇಳುವುದರಲ್ಲಿ ಏನಿದೆ, ಹಳದಿ ಬಣ್ಣ, ಎಡಗಡೆಯ ಬಾಗಿಲು ಎರಡು ಸಲ ಎಳೆದರೆ ಮಾತ್ರ ಹಾಕಿಕೊಳ್ಳುತ್ತದೆ, ಒಳಗೆ ಇಪ್ಪತ್ತೆರಡು ಮಕ್ಕಳು, ವ್ಯಾನಮ್ಮ ಅಂತ ಕರೆಯುತ್ತಿದ್ದವು, ವ್ಯಾನಮ್ಮ ಇವನು ನನ್ನ ಸೀಟು ಕಿತ್ಕೊಂಡ, ವ್ಯಾನಮ್ಮ ನನಗೆ ವಾಂತಿ ಬರ್ತಿದೆ, ನಮಗೆ ಮಕ್ಕಳಾಗಲಿಲ್ಲ, ಅದಕ್ಕೆ ಯಾರಾದರೂ ಅಯ್ಯೋ ಪಾಪ ಎಂದು ಮುಖ ಮಾಡಿದರೆ ಅವಳು, ದಿನಾ ಬೆಳಿಗ್ಗೆ ಇಪ್ಪತ್ತೆರಡು ಹೆರ್ತೀನಿ, ಸಾಯಂಕಾಲ ಅವರವರ ಮನೆಗೆ ವಾಪಸ್ ಕೊಡ್ತೀನಿ, ಇದಕ್ಕಿಂತ ಸುಖ ಬೇಕಾ ಅನ್ನುತ್ತಿದ್ದಳು, ಕೇಳಿದವರ ಬಾಯಿ ಕಟ್ಟಿಹೋಗುತ್ತಿತ್ತು. ಆ ವ್ಯಾನಿನ ಮೈಮೇಲೆ ಒಂದು ಗೀರು ಬೀಳಿಸಿದವಳಲ್ಲ. ಸಂದಿಗೊಂದಿಯಲ್ಲಿ ಹಿಂದಕ್ಕೆ ತೆಗೆಯುವಾಗ ಕತ್ತು ಹೊರಗೆ ಹಾಕಿ ನಾಲಿಗೆ ಕಚ್ಚಿಕೊಳ್ಳುವುದು, ಆ ಮುಖ ನೋಡಲಿಕ್ಕೆ ಚೆನ್ನಾಗಿತ್ತು. ವ್ಯಾನು ನಿಲ್ಲುವುದು ನಮ್ಮ ಹಿಂದಿನ ಗಲ್ಲಿಯಲ್ಲಿ, ಅಡುಗೆಮನೆಯ ಬಾಗಿಲು ತೆಗೆದರೆ ಕೆಳಗಿಳಿಯಲು ಐದು ಮೆಟ್ಟಿಲು, ಆಮೇಲೆ ಗೇಟು, ಮೆಟ್ಟಿಲಿಗೆ ಬಿಸಿಲು ಬೀಳುವುದಿಲ್ಲ, ತಾರಸಿಯ ಟ್ಯಾಂಕಿನ ನಲ್ಲಿ ಮುಚ್ಚುವ ತೇಲುಗುಂಡು ಕೆಟ್ಟು ನೀರು ತುಂಬಿ ತುಳುಕಿದಾಗಲೆಲ್ಲ ಗೋಡೆಗುಂಟ ಇಳಿದು ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತಿತ್ತು, ಪಾಚಿ ಮೊದಲು ಮೂಲೆಯಲ್ಲಿ ಕೂತು, ಆಮೇಲೆ ನಡುವಿಗೆ ಬಂದು, ಆಮೇಲೆ ಕಂಬಳಿ ಹಾಸಿದ ಹಾಗೆ ಐದಕ್ಕೂ ಹಬ್ಬಿಕೊಂಡಿತು. ರೀ, ಮೆಟ್ಟಿಲು ಜಾರ್ತಿದೆ, ಒಂದಿನ ಆ ಮಷೀನು ಹಚ್ಚಿ ಅಂದಳು, ಹಚ್ಚೋಣ ಅಂದೆ. ಇನ್ನೊಮ್ಮೆ ಹೇಳಿದಳು, ಈ ಭಾನುವಾರ ಗ್ಯಾರಂಟಿ ಅಂದೆ. ಒಂದು ದಿನ ನಾನು ಹಜಾರದಲ್ಲಿ ಕಾಲು ಚಾಚಿ ಕೂತಿದ್ದೇನೆ, ಅಡುಗೆಮನೆಯಿಂದ ನನ್ನ ಫೋನಿಗೆ ಫೋನು, ಹಲೋ, ತೊಳೆಯೋರಾ, ನಮ್ಮನೇಲಿ ಐದು ಮೆಟ್ಟಿಲಿದೆ ಸರ್, ಯಾವತ್ತು ಬಿಡುವು ನಿಮಗೆ ಅಂತ ಹೊಸ ಗಿರಾಕಿಯ ದನಿಯಲ್ಲಿ ಅವಳು, ನಾನೂ ಗಂಟಲು ಸರಿಮಾಡಿಕೊಂಡು ಭಾನುವಾರ ಬರ್ತೀವಿ ಮೇಡಂ, ವಿಳಾಸ ಹೇಳಿ ಅಂದೆ, ಗೋಡೆಯ ಆಚೆ ಅವಳ ನಗು, ಕಿವಿಯಲ್ಲಿ ಅವಳ ನಗು, ಒಂದೇ ನಗು ಎರಡು ಸಲ ಕೇಳಿಸಿತ್ತು. ಆ ಭಾನುವಾರ ನನ್ನ ಡೈರಿಯಲ್ಲಿ ಅವಳೇ ಬರೆದಿದ್ದಳು, ನಮ್ಮ ಮನೆ, ಬೆಳಿಗ್ಗೆ ಒಂಬತ್ತು, ಅಂತ, ದುಂಡಗೆ, ಶನಿವಾರ ಹಲ್ಲಿನ ಡಾಕ್ಟರು ಫೋನು ಮಾಡಿ ಮನೆಗೆ ನೆಂಟರು ಬರ್ತಾರೆ, ನಾಳೆಯೇ ಆಗಬೇಕು ಅಂದರು, ನಾನು ಅವಳ ಅಕ್ಷರದ ಮೇಲೆ ಒಂದು ಗೆರೆ ಎಳೆದು ಕೆಳಗೆ ಹಲ್ಲಿನ ಡಾಕ್ಟರು ಅಂತ ಬರೆದೆ. ಅವಳು ನೋಡಿದಳು. ಓಹೋ, ದೊಡ್ಡವರ ಮನೆ ಬಂತು ಅಂದಳಷ್ಟೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟು ಏಡಿಯ ಹಾಗೆ ಇಳಿಯುವುದನ್ನು ಕಲಿತಳು, ಅಡ್ಡಡ್ಡ, ಒಂದು ಕೈ ಗೋಡೆಗೆ, ಒಂದೊಂದೇ ಕಾಲು, ಚೀಲವನ್ನು ಮೊದಲು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಆಮೇಲೆ ತಾನು, ಅಡುಗೆಮನೆಯ ಕಿಟಕಿಯಿಂದ ನಾನು ಕಾಫಿ ಲೋಟ ಹಿಡಿದುಕೊಂಡು ನೋಡಿದ್ದೇನೆ, ನೋಡುತ್ತಾ ನಿಂತಿದ್ದೇನೆ, ಕಾಫಿ ಆರುವಷ್ಟು ಹೊತ್ತೂ ಹಿಡಿಯದ ಕೆಲಸ, ಐದು ಮೆಟ್ಟಿಲಿಗೆ ಹದಿನೈದು ನಿಮಿಷ ಸಾಕು, ಸೋಪು ಹಾಕಿ ನೆನೆಯಲು ಬಿಟ್ಟರೆ ಇಪ್ಪತ್ತು.

ಮತ್ತೆ ಆ ಗುರುವಾರ, ನಾನು ಊರಾಚೆ ಒಂದು ದೊಡ್ಡ ಮನೆಯ ಕಾರು ನಿಲ್ಲಿಸುವ ಜಾಗ ತೊಳೆಯುತ್ತಿದ್ದೆ, ಫೋನು ಜೇಬಿನಲ್ಲಿ ಗುಂಯ್‌ಗುಡುತ್ತಿತ್ತು, ಎರಡು ಸಲ ಬಿಟ್ಟು ಮೂರನೆಯ ಸಲ ತೆಗೆದೆ, ರೀ, ನಾಳೆ ಮಕ್ಕಳಿಗೆ ಪರೀಕ್ಷೆ, ಐದೂವರೆಗೇ ಹೊರಡಬೇಕು, ಇನ್ನೂ ಕತ್ತಲಿರುತ್ತೆ, ಹೇಗಿದ್ರೂ ಬೆಳಿಗ್ಗೆ ಮನೇಲಿದ್ರಲ್ಲ, ಆ ಮೆಟ್ಟಿಲು ತೊಳೆದ್ರಾ ಅಂದಳು, ನನ್ನ ಒಂದು ಕೈಯಲ್ಲಿ ನೀರಿನ ಗನ್ನು, ಬೂಟಿನೊಳಗೆ ನೀರು, ಮನೆಯ ಯಜಮಾನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾನೆ, ಹೂಂ, ತೊಳೆದಾಯ್ತು ಅಂದೆ. ನಾಲ್ಕಕ್ಷರ. ತೊಳೆದಾಯ್ತು. ಇಲ್ಲ ಅಂದಿದ್ದರೆ ಎರಡೇ ಅಕ್ಷರ, ಅದಕ್ಕೂ ಕಡಿಮೆ ಉಸಿರು ಸಾಕಿತ್ತು. ಸುಳ್ಳು ಅಂತಲೂ ಅನ್ನಿಸಲಿಲ್ಲ, ಸಂಜೆ ಹೋದ ಕೂಡಲೇ ತೊಳೆದುಬಿಟ್ಟರೆ ನಿಜವೇ ಆಗುತ್ತದಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ, ಹಾಗೆ ಅಂದುಕೊಂಡೆ, ಸಂಜೆ ಹೋದಾಗ ತೋಳು ಮಷೀನಿನ ನಡುಕ ಹಿಡಿದು ಲೋಟ ಎತ್ತಲಾಗುತ್ತಿರಲಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಮಾಡುತ್ತೇನೆ ಅಂದುಕೊಂಡೆ. ಆ ದಿನ ವ್ಯಾನು ಗ್ಯಾರೇಜಿಗೆ ಹೋಗಿತ್ತು, ಅವಳು ಕತ್ತಲಾದ ಮೇಲೆ ಬಸ್ಸಿನಲ್ಲಿ ಬಂದು ಮುಂಬಾಗಿಲಿಂದ ಒಳಗೆ ಬಂದಳು, ಮೆಕ್ಯಾನಿಕ್ಕು ವ್ಯಾನನ್ನು ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ ಬೀಗದ ಕೈಯನ್ನು ಮುಂದೆ ಬಂದು ಕೊಟ್ಟುಹೋದ, ಹಾಗಾಗಿ ಹಿಂದಿನ ಬಾಗಿಲನ್ನು ಯಾರೂ ತೆಗೆಯಲಿಲ್ಲ, ತೆಗೆದಿದ್ದರೆ — ತೆಗೆಯಲಿಲ್ಲ. ಬೆಳಿಗ್ಗೆ ನನ್ನನ್ನು ಎಬ್ಬಿಸಲಿಲ್ಲ ಅವಳು, ದಣಿದಿದ್ದಾರೆ ಮಲಗಲಿ ಅಂತ ದೀಪವನ್ನೂ ಹಾಕದೆ, ಬಳೆಯ ಸದ್ದನ್ನೂ ಮಾಡದೆ ಹೋಗಿದ್ದಾಳೆ, ನನಗೆ ಎಚ್ಚರವಾದದ್ದು ಊಟದ ಡಬ್ಬಿ ಮೆಟ್ಟಿಲ ಮೇಲೆ ಉರುಳಿದ ಸದ್ದಿಗೆ, ಠಣ್, ಠಣ್, ಆಮೇಲೆ ಗಲ್ಲಿಯ ಕಲ್ಲಿನ ಮೇಲೆ ಉದ್ದಕ್ಕೆ ಉರುಳಿ ಗೇಟಿಗೆ ಬಡಿದು ನಿಂತಿತು, ಅವಳ ದನಿ ಇಲ್ಲವೇ ಇಲ್ಲ. ಓಡಿದೆ. ಕೆಳಗೆ ಕೂತಿದ್ದಳು, ಪಾದ ಇರಬೇಕಾದ ಕಡೆಗೆ ಇರಲಿಲ್ಲ, ಎರಡೂ ಕೈಯಲ್ಲಿ ಸಾಮಾನು ಹಿಡಿದುಕೊಂಡೇ ಬಿದ್ದಿದ್ದಾಳೆ, ಒಂದು ಕೈಯಲ್ಲಿ ಹಾಜರಿ ಪುಸ್ತಕ ಇನ್ನೂ ಹಾಗೇ ಇತ್ತು, ಅಂದರೆ ಗೋಡೆ ಹಿಡಿದಿರಲಿಲ್ಲ, ಏಡಿಯ ಹಾಗೆ ಇಳಿದಿರಲಿಲ್ಲ, ತೊಳೆದ ಮೆಟ್ಟಿಲ ಮೇಲೆ ಹೇಗೆ ಇಳಿಯುತ್ತಾರೋ ಹಾಗೆ ನೆಟ್ಟಗೆ, ನಂಬಿಕೆಯಿಂದ, ಸರಸರನೆ ಇಳಿದಿದ್ದಳು. ದೀಪ ಹಾಕಿದೆ. ಆಗ ಕಾಣಿಸಿತು, ಮೂರನೆಯ ಮೆಟ್ಟಿಲ ಮೇಲೆ, ದಟ್ಟ ಹಸಿರಿನ ನಡುವೆ, ಅವಳ ಹಿಮ್ಮಡಿ ಎಳೆದ ಗೆರೆ, ಬೆಳ್ಳಗೆ, ಎಷ್ಟು ಚೊಕ್ಕಟವಾಗಿತ್ತು ಎಂದರೆ ನನ್ನ ಮಷೀನಿನಿಂದಲೂ ಅಷ್ಟು ನಯವಾಗಿ ಬರುವುದಿಲ್ಲ. ಅವಳ ಕಣ್ಣಿಗೆ ಅದು ನೇರ ಎದುರಿಗಿತ್ತು, ನೆಲದಲ್ಲಿ ಕೂತವಳ ಕಣ್ಣಿನ ಮಟ್ಟಕ್ಕೆ, ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಒಂದು ಚಪ್ಪಲಿ ಎಲ್ಲಿ ಹೋಯ್ತು ನೋಡಿ ಅಂದಳು. ಅಷ್ಟೇ. ಅದಾದ ಮೇಲೆ ಇವತ್ತಿನವರೆಗೆ ಆ ಮೆಟ್ಟಿಲ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ.

ಪಟ್ಟಿ ತಪ್ಪಿತು, ಇಲ್ಲಿ ಒಂದು ಎಳೆ ಹಸಿರು ಉಳಿದಿದೆ, ಹಿಂದಕ್ಕೆ ಬಂದು ಮತ್ತೆ ಹೊಡೆ, ಹಾಂ, ಹೋಯಿತು, ಎಷ್ಟು ಸುಲಭವಾಗಿ ಹೋಗುತ್ತದೆ. ಆಸ್ಪತ್ರೆಯಲ್ಲಿ ಅವಳನ್ನು ಗಾಲಿ ಮಂಚದ ಮೇಲೆ ಮಲಗಿಸಿದ್ದರು, ಒಂದು ಕಡೆ ನಾನು, ಇನ್ನೊಂದು ಕಡೆ ಅವಳಣ್ಣ, ಸುದ್ದಿ ತಿಳಿದು ಓಡಿ ಬಂದಿದ್ದರು, ಭಾವ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಜಮೀನು ಅಳೆದು ನಿವೃತ್ತರಾದವರು, ಮನುಷ್ಯರನ್ನೂ ಹಾಗೇ ನೋಡುತ್ತಾರೆ, ಉದ್ದ ಎಷ್ಟು, ಅಗಲ ಎಷ್ಟು, ಒತ್ತುವರಿ ಎಲ್ಲಿ, ನನ್ನನ್ನು ಮೊದಲ ದಿನವೇ ಅಳೆದು ಪಿಚಕಾರಿ ಅಂತ ಹೆಸರಿಟ್ಟರು, ಏನಯ್ಯಾ ಪಿಚಕಾರಿ ಎಲ್ಲಿವರೆಗೆ ಬಂತು ನಿನ್ನ ನೀರಾಟ, ತಂಗಿಗೆ ಆಫೀಸಿನ ಗಂಡು ಸಿಗಬೇಕಿತ್ತು ಅನ್ನುವುದು ಅವರ ಎದೆಯಲ್ಲಿ ಇಂದಿಗೂ ಆರದ ಕೆಂಡ. ಡಾಕ್ಟರು ಬರೆಯುವ ಹಲಗೆ ಹಿಡಿದುಕೊಂಡು ಹೇಗೆ ಬಿದ್ರಮ್ಮ ಅಂತ ಕೇಳಿದರು, ಭಾವ ಬಗ್ಗಿದರು, ಅವಳು ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತಾ, ತಲೆ ಸುತ್ತು ಬಂದ ಹಾಗಾಯ್ತು ಅಂದಳು. ಮುಂಚೆಯೂ ಬಂದಿತ್ತಾ ಅಂತ ಡಾಕ್ಟರು, ಒಂದೆರಡು ಸಲ ಅಂತ ಅವಳು, ಒಂದು ಸುಳ್ಳಿಗೆ ಇನ್ನೊಂದು ಊರುಗೋಲು ಬೇಕೇ ಬೇಕಲ್ಲ, ಡಾಕ್ಟರು ಬರೆದರು, ಪೆನ್ನಿನ ಸದ್ದು ಕೇಳಿಸುತ್ತಿತ್ತು, ನಾನು ಬಾಯಿಗೆ ಬೀಗ ಹಾಕಿಕೊಂಡು ಅವಳ ಇನ್ನೊಂದು ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ. ನನ್ನನ್ನು ಕಾಪಾಡಿದಳು ಅಂತ ಅಂದುಕೊಂಡೆ. ಅಣ್ಣನಿಂದ ಕಾಪಾಡಿದಳು, ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆ, ನಾಚಿಕೆಯೂ ಆಯಿತು, ನಾಚಿಕೆಯ ಅಡಿಯಲ್ಲಿ ಒಂದು ಸಮಾಧಾನವೂ ಆಯಿತು, ನಿಜ ಹೇಳಬೇಕು, ಆಯಿತು. ಅದೇ ಮಧ್ಯಾಹ್ನ ಮನೆಗೆ ಬಂದು ತಾರಸಿ ಹತ್ತಿ ತೇಲುಗುಂಡು ಬದಲಾಯಿಸಿದೆ, ಹತ್ತು ನಿಮಿಷದ ಕೆಲಸ, ಕೆಟ್ಟ ಮೇಲೆ ಬುದ್ಧಿ ಬಂತು, ನೀರು ನಿಂತಿತು, ಪಾಚಿ ಒಣಗಿ ಕರಿ ಹೊಪ್ಪಳೆಯಾಯಿತು, ಬೆಳೆಯಲೂ ಇಲ್ಲ, ಉದುರಲೂ ಇಲ್ಲ, ಹಾಗಾಗಿ ಆ ಗೆರೆ ಮುಚ್ಚಿಹೋಗಲೂ ಇಲ್ಲ. ಆ ಬಾಗಿಲಿಗೆ ಚಿಲಕ ಹಾಕಿದೆ. ತಲೆಸುತ್ತಿಗೆ ಅಂತ ಬಿಳಿ ಮಾತ್ರೆ ಕೊಟ್ಟರು, ಬೆಳಿಗ್ಗೆ ಒಂದು ಸಂಜೆ ಒಂದು, ಅವಳು ನನ್ನ ಎದುರಿಗೇ ನುಂಗುತ್ತಾಳೆ, ನೀರಿನ ಲೋಟ ನಾನೇ ಕೊಡುತ್ತೇನೆ, ಬರದೇ ಇದ್ದ ತಲೆಸುತ್ತಿಗೆ ಮಾತ್ರೆ, ಅವಳ ಗಂಟಲು ಏರಿ ಇಳಿಯುವುದನ್ನು ನೋಡುತ್ತೇನೆ, ಖಾಲಿ ಲೋಟ ವಾಪಸ್ ತಗೊಳ್ಳುತ್ತೇನೆ, ಹತ್ತು ವಾರ, ದಿನಕ್ಕೆ ಎರಡು ಸಲ. ಮಾತ್ರೆ ತಗೊಂಡ ಮೇಲೆ ಕಣ್ಣು ಎಳೆಯುತ್ತದೆ, ಮಧ್ಯಾಹ್ನವೆಲ್ಲ ಕುರ್ಚಿಯಲ್ಲೇ ತೂಗುತ್ತಾಳೆ. ಆಮೇಲೆ ಸ್ಕೂಲಿನಿಂದ ಕಾಗದ ಬಂತು, ತಲೆಸುತ್ತಿನ ತೊಂದರೆ ಇರುವವರನ್ನು ಮಕ್ಕಳ ವಾಹನ ಚಾಲನೆಗೆ ನೇಮಿಸಲು ನಿಯಮದಲ್ಲಿ ಅವಕಾಶವಿರುವುದಿಲ್ಲ, ಡಾಕ್ಟರ ಅಂತಿಮ ವರದಿ ನೋಡಿ ಕಚೇರಿಯಲ್ಲಿ ಸೂಕ್ತ ಕೆಲಸದ ಬಗ್ಗೆ ಪರಿಶೀಲಿಸಲಾಗುವುದು, ಅವಳು ಎರಡು ಸಲ ಓದಿ, ಕಾಗದವನ್ನು ಮಡಚಿದ ಗೆರೆಯಲ್ಲೇ ಮಡಚಿ, ಗಂಟೆ ಬಾರಿಸೋ ಕೆಲಸ ಕೊಡ್ತಾರೇನೋ, ಕೂತಲ್ಲೇ ಬಾರಿಸಬಹುದು ಅಂದಳು. ಈಗ ವ್ಯಾನು ಓಡಿಸುವವನು ಯಾರೋ ಹೊಸಬ, ಬೆಳಿಗ್ಗೆ ಮುಂದಿನ ರಸ್ತೆಯಲ್ಲಿ ಹಾದುಹೋಗುತ್ತದೆ, ಅವನಿಗೆ ಆ ಎಡಗಡೆಯ ಬಾಗಿಲಿನ ಗುಟ್ಟು ಗೊತ್ತಿಲ್ಲ, ಒಂದೇ ಸಲ ಎಳೆಯುತ್ತಾನೆ, ಲಟಲಟ ಅನ್ನುತ್ತಾ ಹೋಗುತ್ತದೆ, ಆ ಸದ್ದು ಬಂದಾಗ ಅವಳ ಬಲಗಾಲು ಸ್ಟೂಲಿನ ಮೇಲೆ ಒಂದಿಷ್ಟು ಮುಂದಕ್ಕೆ ಒತ್ತುತ್ತದೆ, ಬ್ರೇಕು ತುಳಿದ ಹಾಗೆ.

ಗೇಟಿನ ಸದ್ದು. ಭಾವ. ಹೊಳೆಯುವ ಬೂಟು, ನೀರು ತಾಗದ ಹಾಗೆ ತುದಿಗಾಲಲ್ಲಿ ಬರುತ್ತಿದ್ದಾರೆ, ಟ್ರಿಗರ್ ಬಿಟ್ಟೆ, ಮಷೀನಿನ ಕೂಗು ಗೊಣಗಾಟಕ್ಕಿಳಿಯಿತು, ಅಂತೂ ಪಿಚಕಾರಿ ಸ್ವಂತ ಮನೆಗೂ ಬಂತಪ್ಪಾ ಅಂದರು, ಗೋಡೆಯ ಕಡೆ ಕಣ್ಣು ಹಾಯಿಸಿ, ನೂರಿಪ್ಪತ್ತು ಅಡಿ ಇದೆ, ಅರ್ಧ ಆಗಿದೆ ಅಂದರು, ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ಅವಳು ವಾಕರು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ಮುಂಬಾಗಿಲಿಗೆ ಬಂದಳು, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಾಳೆ, ತಲೆ ಬಾಚಿದ್ದಾಳೆ, ತೊಡೆಯ ಪಕ್ಕ ಕೈಚೀಲ ನೇತಾಡುತ್ತಿದೆ, ನಾನು ಮಷೀನು ಪೂರ್ತಿ ನಿಲ್ಲಿಸಿದೆ, ಆಗ ಬಂದ ಮೌನಕ್ಕೆ ಕಿವಿ ನೋಯುತ್ತದೆ. ಭಾವ ಅವಳಿಗೆ ಹೇಳುತ್ತಿದ್ದಾರೆ, ವ್ಯಾನಿನ ಆಸೆ ಬಿಟ್ಟುಬಿಡಮ್ಮ, ಈ ತಲೆಸುತ್ತು ನಂಬೋ ರೋಗ ಅಲ್ಲ, ನಮ್ಮ ಅಜ್ಜಿಗೂ ಇತ್ತು, ವಂಶದಲ್ಲೇ ಇದೆ, ಮಕ್ಕಳ ಜೀವದ ಪ್ರಶ್ನೆ, ಡಾಕ್ಟರ ಹತ್ರ ನಾನೂ ಹಾಗೇ ಹೇಳ್ತೀನಿ, ಅವಳು ಹೂಂ ಅಣ್ಣ ಅಂದಳು. ಹೂಂ ಅಣ್ಣ. ಇಪ್ಪತ್ತೆರಡು ಮಕ್ಕಳ ಗಲಾಟೆಯನ್ನು ಒಂದು ಏಯ್‌ನಲ್ಲಿ ಅಡಗಿಸುತ್ತಿದ್ದವಳು, ಸೋತು ಹೂಂ ಅಣ್ಣ ಅಂದಳು, ಅದನ್ನು ನನ್ನ ಕಿವಿ ಕೇಳಿತು, ಬಾಯಿ ನನ್ನನ್ನು ಕೇಳದೆ ಮಾತಾಡಿತು, ಭಾವ, ಅವಳಿಗೆ ತಲೆಸುತ್ತು ಬರಲಿಲ್ಲ. ಏನಂದೆ ಅಂದರು. ತಲೆಸುತ್ತಲ್ಲ, ಜಾರಿದ್ದು, ಹಿಂದಿನ ಮೆಟ್ಟಿಲು ಪಾಚಿ ಕಟ್ಟಿತ್ತು, ತೊಳೀರಿ ಅಂತ ಎಷ್ಟೋ ಸಲ ಹೇಳಿದ್ದಳು, ನಾನು ತೊಳೆದಿರಲಿಲ್ಲ, ಹಿಂದಿನ ದಿನ ಕೇಳಿದಾಗ ತೊಳೆದಾಯ್ತು ಅಂದುಬಿಟ್ಟೆ, ನಂಬ್ಕೊಂಡು ಇಳಿದಳು. ಇಷ್ಟು ಹೇಳಲು ಹತ್ತು ವಾರ ಬೇಕಾಗಿತ್ತು, ಹೇಳಿದ್ದು ಒಂದೇ ಉಸಿರಿನಲ್ಲಿ. ಭಾವ ತಂಗಿಯ ಕಡೆ ತಿರುಗಿ ಹೌದಾ ಅಂದರು, ಅವಳು ಕೈಚೀಲದ ಜಿಪ್ಪು ತೆಗೆದಳು, ಹಾಕಿದಳು, ತೆಗೆದಳು. ಕೂಗಾಡುತ್ತಾರೆ, ಕಪಾಳಕ್ಕೆ ಬಿಟ್ಟರೂ ಬಿಟ್ಟಾರು ಅಂತ ಕಾದೆ, ಬಿಡಲಿ ಅಂತಲೇ ಕಾದೆ, ಅವರು ಹೊಳೆಯುವ ಬೂಟಿನಲ್ಲಿ ನೀರೊಳಗೇ ನಡೆದು ಮನೆಯ ಪಕ್ಕದ ಓಣಿಯಿಂದ ಹಿಂದಕ್ಕೆ ಹೋದರು, ನಾವಿಬ್ಬರೇ ಉಳಿದೆವು, ಗನ್ನಿನ ಮೂತಿಯಿಂದ ಒಂದೊಂದೇ ಹನಿ ನನ್ನ ಬೂಟಿನ ಮೇಲೆ, ಅವಳು ನನ್ನನ್ನು ನೋಡುತ್ತಿಲ್ಲ. ಭಾವ ಬಂದರು, ಹೆಬ್ಬೆರಳಿಗೂ ಕಿರುಬೆರಳಿಗೂ ಕರಿ ಪಾಚಿಯ ಪುಡಿ ಅಂಟಿತ್ತು, ಒಂದು ಗೇಣು ಎರಡು ಬೆರಳು ಅಂದರು, ದನಿಯೇ ಇರಲಿಲ್ಲ, ಮೂರನೇ ಮೆಟ್ಟಿಲು, ಹಿಮ್ಮಡಿ ಅಷ್ಟು ದೂರ ಜಾರಿದೆ ಅಂದರು. ಹಾಗಾದ್ರೆ ಆ ಮಾತ್ರೆ ಅಂತ ಅವಳನ್ನು ಕೇಳಿದರು, ನುಂಗ್ತಿದೀನಲ್ಲ ಅಣ್ಣ ಅಂದಳು, ಬರದೇ ಇರೋ ತಲೆಸುತ್ತಿಗಾ ಅಂದರು, ಈಗ ಬರ್ತಿದೆ, ಮಾತ್ರೆ ತಗೊಂಡಾಗಿನಿಂದ ಅಂದಳು, ನಗುವ ಮಾತಾಗಿತ್ತು ಅದು, ಮೂವರೂ ನಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು, ಹತ್ತು ವಾರ ಸುಮ್ಮನಿದ್ರಿ, ಇನ್ನೊಂದು ದಿನ ಸುಮ್ಮನಿರೋಕಾಗ್ಲಿಲ್ವಾ ಅಂದಳು. ವ್ಯಾನು ನಿನಗೇ ಸಿಗಲಿ ಅಂತ ಅಂದೆ, ನನ್ನ ದನಿ ನನಗೇ ಹಿಡಿಸಲಿಲ್ಲ, ನೀನು ನನಗೋಸ್ಕರ ಸುಳ್ಳು ಹೇಳಿ ಅದನ್ನ ಕಳ್ಕೊಳ್ತಿದೀಯ, ನೋಡೋಕಾಗ್ಲಿಲ್ಲ ಅಂದೆ. ನಿಮಗೋಸ್ಕರ ಅಂದಳು, ಆ ಮಾತನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಳು, ನಿಮ್ಮನ್ನ ಕಾಪಾಡೋಕೆ ಹೇಳಿದೆ ಅಂತ ಅಂದ್ಕೊಂಡಿದ್ರಾ ಇಷ್ಟು ದಿನ, ನನಗೆ ನಾಚಿಕೆ ಆಯ್ತು ರೀ, ಅದಕ್ಕೆ ಹೇಳಿದ್ದು, ಹತ್ತೊಂಬತ್ತು ವರ್ಷ ಬೇರೆಯವರ ಮಕ್ಕಳನ್ನ ಕೂರಿಸ್ಕೊಂಡು ಯಾರ ಮಾತೂ ನಂಬದೆ, ಎರಡು ಕಡೆ ಎರಡೆರಡು ಸಲ ನೋಡಿ ಓಡಿಸಿದವಳು ನಾನು, ಮನೇಲಿ ಒಬ್ಬರ ಮಾತು ನಂಬ್ಕೊಂಡು ನೋಡದೆ ಕಾಲಿಟ್ಟೆ ಅಂತ, ಗಂಡ ಅಂಥಾ ಸಣ್ಣ ವಿಷಯಕ್ಕೆ ಸುಳ್ಳು ಹೇಳಿದ ಅಂತ, ಆ ಡಾಕ್ಟರ ಎದುರಿಗೆ, ಅಣ್ಣನ ಎದುರಿಗೆ ಯಾವ ಬಾಯಲ್ಲಿ ಹೇಳಲಿ, ಅದಕ್ಕಿಂತ ತಲೆಸುತ್ತೇ ಮರ್ಯಾದೆ ಅನ್ನಿಸ್ತು. ಈಗ ನೀವು ಹೇಳಿ ಹಗುರ ಆದ್ರಿ. ಹಗುರ ಆಗಲಿಲ್ಲ, ಒಂದಿಷ್ಟೂ ಆಗಲಿಲ್ಲ ಅಂತ ಹೇಳಬೇಕಿತ್ತು, ಹೇಳಿದರೆ ನಂಬುವುದು ಯಾರು, ನಂಬಿಕೆಯ ಲೆಕ್ಕದಲ್ಲಿ ನನ್ನ ಮಾತಿಗೆ ಏನು ಬೆಲೆ ಅಂತ ಅವಳ ಕಾಲಿನ ಏಳು ಸ್ಕ್ರೂ ಹೇಳುತ್ತವೆ.

ಕೈಚೀಲದಿಂದ ಮಾತ್ರೆಯ ಹಾಳೆ ತೆಗೆದು ನನ್ನ ಒದ್ದೆ ಅಂಗೈಯಲ್ಲಿಟ್ಟಳು, ಇನ್ನೂ ಆರು ಉಳಿದಿವೆ, ಇವತ್ತು ಡಾಕ್ಟರ ಹತ್ರ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ, ಸ್ಕೂಲಿನವರು ನಂಬಿದರೆ ನಂಬಲಿ, ಇಲ್ಲದಿದ್ರೆ ಇಲ್ಲ ಅಂದಳು, ಭಾವ ಒಳಗೆ ಹೋಗಿ ಅವಳ ಬಟ್ಟೆಯ ಪೆಟ್ಟಿಗೆ ತಂದರು, ನಾನು ಪೆಟ್ಟಿಗೆಯನ್ನೇ ನೋಡುತ್ತಿದ್ದೆ, ಯಾವಾಗ ತುಂಬಿದ್ದು, ನಾನು ಬಾಯಿ ಬಿಟ್ಟ ಮೇಲೆ ಅವಳು ಒಳಗೆ ಹೋಗಿಯೇ ಇಲ್ಲ, ಅಂದರೆ ಬೆಳಿಗ್ಗೆಯೇ, ಅಥವಾ ನಿನ್ನೆಯೇ, ಪರದೆಯ ಹಿಂದೆ, ನಾನು ಹೇಳಿದರೂ ಹೇಳದಿದ್ದರೂ. ಕಾಲು ಗಟ್ಟಿಯಾಗೋವರೆಗೆ ಅಣ್ಣನ ಮನೇಲಿರ್ತೀನಿ ಅಂದಳು, ಆಮೇಲೆ ಅಂದೆ, ಆಮೇಲಿನದು ಆಮೇಲೆ ಅಂದಳು, ಯಾಕೆ, ಇಲ್ಲಿ ಏನಾಗಿದೆ ಅಂತ ಕೇಳಿದೆ, ಕೇಳಿಬಿಟ್ಟೆ, ಅವಳು ವಾಕರನ್ನು ಒಂದು ಹೆಜ್ಜೆ ಮುಂದಿಟ್ಟು, ಕಾಲನ್ನು ಹಿಂದಿನಿಂದ ತಂದು, ಅಲ್ಲಿ ಮೆಟ್ಟಿಲಿಲ್ಲ ಅಂದಳು. ನಾನು ಹಿಡಿದುಕೊಳ್ಳಲು ಹೋದೆ, ಬೇಡ, ನೆಲ ಒದ್ದೆ ಇದೆ, ನೋಡ್ಕೊಂಡೇ ಇಡ್ತೀನಿ ಅಂದಳು, ನೋಡಿಕೊಂಡೇ ಇಟ್ಟಳು, ಒಂದೊಂದನ್ನೂ, ನಾನು ಈಗಷ್ಟೇ ತೊಳೆದ ಅಂಗಳದಲ್ಲಿ, ಊರಿನಲ್ಲೇ ಅತಿ ಚೊಕ್ಕಟವಾದ ಅಂಗಳದಲ್ಲಿ, ಗಾಜಿನ ಮೇಲೆ ನಡೆದ ಹಾಗೆ. ಕಾರಿನ ಬಾಗಿಲು ಹಾಕಿದ ಸದ್ದು ಒಂದೇ ಸಲಕ್ಕೆ ಸರಿಯಾಗಿ ಬಂತು. ಭಾವ ಹೊರಡುವ ಮುಂಚೆ ಕಿಟಕಿಯ ಗಾಜು ಇಳಿಸಿ ನನ್ನನ್ನು ನೋಡಿದರು, ಪಿಚಕಾರಿ ಅನ್ನಲಿಲ್ಲ, ಅಳತೆ ಮುಗಿದ ಜಾಗವನ್ನು ನೋಡುವ ಹಾಗೆ ನೋಡಿ ಗಾಜು ಏರಿಸಿದರು. ಹೋದರು. ಉಳಿದದ್ದು ಅರ್ಧ ಗೋಡೆ. ಗೋಡೆ ಬಿಟ್ಟು ಪೈಪು ಎಳೆದುಕೊಂಡು ಓಣಿಯಿಂದ ಹಿಂದಕ್ಕೆ ಬಂದೆ, ಯಾಕೆ ಬಂದೆ, ತೊಳೆಯಲಿಕ್ಕೆ, ಇನ್ನೇನಕ್ಕೆ, ಐದು ಮೆಟ್ಟಿಲು, ಹದಿನೈದು ನಿಮಿಷ, ಮಷೀನು ಹಚ್ಚಿದೆ, ಮೇಲಿನಿಂದ ಶುರು ಮಾಡಬೇಕು ಯಾವಾಗಲೂ, ಕೊಳೆ ಕೆಳಗಿಳಿಯುತ್ತದೆ, ಮೊದಲನೆಯ ಮೆಟ್ಟಿಲು, ಕರಿ ಹೊಪ್ಪಳೆ ಎದ್ದು ಹಾರುತ್ತಿದೆ, ಕೆನ್ನೆಗೆ ಸಿಡಿಯುತ್ತಿದೆ, ಬೂದು ಸಿಮೆಂಟು ಬಂತು, ಎರಡನೆಯದು, ಅದೂ ಬಂತು, ಕೈ ಸರಿಯಾಗೇ ಇದೆ, ಒಂದು ಮೊಳ ದೂರ, ಅಂಚಿನ ಮೇಲೆ ಅಂಚು, ಇನ್ನು ಮೂರನೆಯದು, ಟ್ರಿಗರ್ ಮೇಲೆ ಬೆರಳು ಇದೆ, ಒತ್ತಬೇಕು, ಒತ್ತಿದರೆ ಹೋಗುತ್ತದೆ, ಸುತ್ತಲಿನದೂ ಹೋಗುತ್ತದೆ, ಆಮೇಲೆ ಯಾರು ಬಂದು ಅಳೆದರೂ ಇಲ್ಲಿ ಏನೂ ಇರುವುದಿಲ್ಲ, ಒತ್ತದಿದ್ದರೆ ಮತ್ತೆ ತೊಳೆಯದೇ ಬಿಟ್ಟವನು ನಾನೇ, ಒತ್ತು, ಬೆರಳೇ, ಒತ್ತು — ಮೇಲಿನ ಎರಡು ಮೆಟ್ಟಿಲ ನೀರು ಇಳಿದು ಮೂರನೆಯದರ ಮೇಲೆ ನಿಧಾನವಾಗಿ ಹರಡುತ್ತಿದೆ, ಹತ್ತು ವಾರದಿಂದ ಒಣಗಿ ಸತ್ತಿತು ಅಂದುಕೊಂಡಿದ್ದ ಪಾಚಿ ಆ ನೀರು ಕುಡಿಯುತ್ತಿದೆ, ಕುಡಿದು ಉಬ್ಬುತ್ತಿದೆ, ಕರಿ ಹೋಗಿ ಕಂದು, ಕಂದು ಹೋಗಿ ಹಸಿರು, ನನ್ನ ಕಣ್ಣೆದುರಿಗೇ ಮೆಟ್ಟಿಲೆಲ್ಲ ಹಸಿರು, ಎಳೆಯ ಹಸಿರು, ಅದರ ನಡುವೆ ಬೆಳ್ಳಗೆ, ಈಗಷ್ಟೇ ಎಳೆದ ಹಾಗೆ, ಒಂದು ಗೇಣು ಎರಡು ಬೆರಳು, ಹಿಮ್ಮಡಿಯ ಗೆರೆ, ಒಂದು ಗೇಣು, ಎರಡು ಬೆರಳು —